ಮೀನಿನ ಮಣೆಯ ಮುಂದೆ ಪ್ರಾಣಿಶಾಸ್ತ್ರ

ಬೆಳಕು ಹರಿಯುವ ಹೊತ್ತು. ಮಾರುಕಟ್ಟೆಯ ಹಿಂಬಾಗಿಲಿಗೆ ಲಾರಿ ಬಂದು ನಿಲ್ಲುತ್ತದೆ, ಐಸ್ ತುಂಬಿದ ಪೆಟ್ಟಿಗೆಗಳು ದಡಬಡ ನೆಲಕ್ಕೆ ಇಳಿಯುತ್ತವೆ. ಒದ್ದೆ ಕಟ್ಟೆಯ ಮೇಲೆ, ಮೂಲೆಯ ಮಣೆಯ ಹಿಂದೆ, ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಕತ್ತಿ ಮಸೆಯುತ್ತಿದ್ದಾರೆ. ತಲೆಗೆ ಕಟ್ಟಿದ ಬಟ್ಟೆ ಹುಬ್ಬಿನ ತನಕ ಇಳಿದಿದೆ. ಕೂದಲಿಗೆ ವಾಸನೆ ಹತ್ತದಿರಲಿ ಎಂದು ಕಟ್ಟಿದ್ದಿರಬೇಕು ಅಂದುಕೊಂಡಿದ್ದೆ. ಅಲ್ಲವಂತೆ. ಗುರುತಿನವರು ಯಾರಾದರೂ ಬಂದರೆ ಇನ್ನಷ್ಟು ಕೆಳಗೆ ಎಳೆದುಕೊಳ್ಳುವುದಕ್ಕೆ ಅನುಕೂಲವಂತೆ.

"ಡಾಕ್ಟ್ರಮ್ಮಾ, ಪೇಷಂಟು ಬಂದ್ರು ನೋಡಿ!" ಎನ್ನುತ್ತಾ ಪಕ್ಕದ ಮಣೆಯವನು ಒಂದು ಬುಟ್ಟಿ ಮೀನನ್ನು ಇತ್ತ ತಳ್ಳುತ್ತಾನೆ. ಸುತ್ತಲಿನವರು ಗೊಳ್ಳೆಂದು ನಗುತ್ತಾರೆ. ಇವರೂ ನಗುತ್ತಾರೆ, ತಲೆ ಮಾತ್ರ ಎತ್ತುವುದಿಲ್ಲ.

ಡಾಕ್ಟ್ರಮ್ಮ ಎಂಬ ಹೆಸರು ಬರಲು ಕಾರಣ ಇವರ ಸೋದರತ್ತೆ. ಮಣೆ ಆಕೆಯದೇ. ಮೊದಲ ದಿನವೇ ಅತ್ತೆ ಹೆಮ್ಮೆ ತಡೆಯಲಾರದೆ, "ನಮ್ಮಣ್ಣನ ಮಗಳು ಎಂಎಸ್ಸಿ, ಪ್ರಾಣಿಶಾಸ್ತ್ರ, ಫಸ್ಟ್ ಕ್ಲಾಸು" ಎಂದು ಇಡೀ ಸಾಲಿಗೆ ಸಾರಿಬಿಟ್ಟರು. ಊರ ಬಾಯಿಗೆ ಬೀಗ ಹಾಕುವವರುಂಟೇ? ಅಂದಿನಿಂದ ಹೆಸರು ಅಂಟಿಕೊಂಡಿತು.

ಓದು ಮುಗಿದ ಮೇಲೆ ಇವರು ತಟ್ಟದ ಬಾಗಿಲಿಲ್ಲ. "ಕೆಲವ್ರು ಅನುಭವ ಇಲ್ಲ ಅಂದ್ರು, ಕೆಲವ್ರು ಓದು ಜಾಸ್ತಿ ಆಯ್ತು ಅಂದ್ರು. ಎರಡಕ್ಕೂ ನನ್ನ ಹತ್ರ ಔಷಧಿ ಇರ್ಲಿಲ್ಲ ಸಾರ್" ಎನ್ನುತ್ತಾರೆ. ಅಷ್ಟರಲ್ಲಿ ಅತ್ತೆಯ ಮಣಿಕಟ್ಟು ಊದಿಕೊಂಡು ಕತ್ತಿ ಹಿಡಿಯಲಾಗದಂತಾಯಿತು. "ಎರಡು ವಾರ ನೋಡ್ಕೊಳ್ತೀನಿ ಅಂತ ಬಂದೆ. ಅತ್ತೆ ಕೈ ಯಾವತ್ತೋ ಸರಿಹೋಯ್ತು. ನಾನು ಇಲ್ಲೇ ಉಳ್ಕೊಂಡೆ."

ಕೆಲಸವೇನೂ ಹಗುರವಲ್ಲ. ಮಧ್ಯಾಹ್ನದೊಳಗೆ ನಾಲ್ಕೈದು ಬುಟ್ಟಿ ಮುಗಿಯಬೇಕು. ಐಸ್ ನೀರಲ್ಲಿ ಬೆರಳುಗಳು ಮರಗಟ್ಟುತ್ತವೆ, ಮೀನಿನ ರೆಕ್ಕೆಯ ಮುಳ್ಳು ಚುಚ್ಚಿದ್ದು ಗೊತ್ತಾಗುವುದು ರಕ್ತ ಕಂಡಾಗಲೇ. ಕೆಲಸ ಮುಗಿದ ಮೇಲೆ ಅತ್ತೆಯ ಮನೆಗೆ ಹೋಗಿ ಸ್ನಾನ ಮಾಡಿ, ಕೈಗೆ ನಿಂಬೆಹಣ್ಣು ತಿಕ್ಕಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಹೆಗಲಿಗೊಂದು ಚೀಲ ಹಾಕಿಕೊಂಡೇ ತಮ್ಮ ಬೀದಿಗೆ ಕಾಲಿಡುತ್ತಾರೆ. ಬೀದಿಯವರ ಲೆಕ್ಕದಲ್ಲಿ ಇವರು ಮೀನುಗಾರಿಕೆ ಇಲಾಖೆಯವರು! ಹಾಗೆಂದು ಹೇಳಿದವರು ಅಪ್ಪ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮನುಷ್ಯ.

"ಅಪ್ಪ ಸುಳ್ಳು ಹೇಳೋ ಪೈಕಿ ಅಲ್ಲ ಸಾರ್. ನನಗೋಸ್ಕರ ಕಲ್ತ್ಕೊಂಡ್ರು" ಎಂದು ಇವರು ಮೆಲ್ಲಗೆ ಹೇಳುತ್ತಾರೆ. "ಅವರು ಹಾಗೆ ಹೇಳುವಾಗ ಪಕ್ಕದಲ್ಲೇ ನಿಂತಿರ್ತೀನಿ. ಭೂಮಿ ಬಾಯಿ ಬಿಡಬಾರ್ದಾ ಅನ್ಸತ್ತೆ."

ನಾನು ಮೊದಲ ಸಲ ಬಂದು, ನಿಮ್ಮ ಬಗ್ಗೆ ಪತ್ರಿಕೆಗೆ ಬರೆಯುತ್ತೇನೆ ಎಂದಾಗ ಇವರು ಖಡಾಖಂಡಿತ ಒಲ್ಲೆ ಎಂದಿದ್ದರು. "ಕೆಲವು ಕಾಯಿಗೆ ಎಲೆ ಮರೇನೇ ವಾಸಿ ಸಾರ್, ಬಿಟ್ಬಿಡಿ." ನಾನೂ ಬಿಟ್ಟೆ. ಮೊನ್ನೆ ತಾವಾಗಿಯೇ ಫೋನ್ ಮಾಡಿ, ಬನ್ನಿ ಎಂದರು. ನಡುವೆ ಒಂದು ಘಟನೆ ನಡೆದಿತ್ತು.

ಅದನ್ನು ಹೇಳುವ ಮೊದಲು ಒಬ್ಬ ಮೇಷ್ಟ್ರಮ್ಮನ ಪರಿಚಯವಾಗಬೇಕು. ಕಾಲೇಜಿನಲ್ಲಿ ಪ್ರಾಣಿಗಳನ್ನು ಕೊಯ್ದು ಒಳಗಿನ ಅಂಗಾಂಗ ತೋರಿಸುವ ಪಾಠ ಮಾಡುತ್ತಿದ್ದವರು. ಇವರು ಈಗಲೂ 'ಮೇಡಂ' ಎಂದಷ್ಟೇ ಕರೆಯುತ್ತಾರೆ. ಡಿಗ್ರಿ ಆಯಿತಲ್ಲ, ಸಾಕು ಎಂದು ಅಪ್ಪ ಓದು ನಿಲ್ಲಿಸಲು ಹೊರಟಾಗ ಆ ಮೇಡಂ ಬಿಸಿಲಲ್ಲಿ ಮನೆ ಹುಡುಕಿಕೊಂಡು ಬಂದು, "ಇಂಥ ಕೈ ನನಗೆ ಇನ್ನೊಂದು ಸಿಕ್ಕಿಲ್ಲ. ಇದನ್ನ ಹಾಳು ಮಾಡಬೇಡಿ" ಎಂದು ಕೇಳಿಕೊಂಡಿದ್ದರು. ಅಪ್ಪ ಒಪ್ಪಿದ್ದು ಅವರ ಮಾತಿಗೆ.

ಒಂದು ಬೆಳಿಗ್ಗೆ ಆ ಮೇಡಂ ಇದೇ ಮಣೆಯ ಮುಂದೆ ಬಂದು ನಿಂತರು. ಕೂದಲು ಪೂರ್ತಿ ಬೆಳ್ಳಗಾಗಿದೆ, ಕೈಯಲ್ಲಿ ಬಟ್ಟೆಚೀಲ. ಮೀನೊಂದನ್ನು ತೋರಿಸಿ, ಕತ್ತರಿಸಿ ಕೊಡಮ್ಮ ಎಂದರು. ಇವರು ತಲೆಬಟ್ಟೆ ಎಳೆದುಕೊಂಡು ಮೀನನ್ನು ಕೈಗೆತ್ತಿಕೊಂಡರು.

"ಮಾರ್ಕೆಟ್ಟಲ್ಲಿ ಹೊಟ್ಟೆ ಸೀಳಿ, ಬೆರಳು ಹಾಕಿ, ಕರುಳೆಲ್ಲ ಒಂದೇ ಸಲ ಕಿತ್ತು ಬಿಸಾಕ್ತೀವಿ. ಅವತ್ತು ನನ್ ಕೈಗೆ ಅದೇನಾಯ್ತೋ! ಕತ್ತಿ ತುದಿ ಮೇಲೆ ಮಾಡಿ, ಬಾಲದ ಕಡೆಯಿಂದ ಮೆಲ್ಲಗೆ ಬಿಡಿಸ್ದೆ. ಹೊಟ್ಟೆ ಪಕ್ಕದ ಗೋಡೆ ಮಾತ್ರ ತೆಗೆದೆ. ಪಿತ್ತಕೋಶ, ಜಠರ, ಕರುಳು ಎಲ್ಲಾ ಇದ್ದಲ್ಲೇ ಇದೆ. ಗಾಳಿಚೀಲ ಬೆಳ್ಳಗೆ ಹೊಳೀತಿದೆ, ಒಂದು ಗೀರಿಲ್ಲ. ಆಮೇಲೆ ಕತ್ತಿ ಬಲಕ್ಕಿಟ್ಟು, ಎರಡೂ ಕೈ ಹಿಂದೆ ಕಟ್ಕೊಂಡು ನಿಂತ್ಬಿಟ್ಟೆ ಸಾರ್! ಪ್ರಾಕ್ಟಿಕಲ್ ಪರೀಕ್ಷೇಲಿ ನಿಲ್ತೀವಲ್ಲ, ಹಾಗೆ."

ಗಿರಾಕಿಗಳು ಮಿಕಿಮಿಕಿ ನೋಡುತ್ತಿದ್ದರು. ಮೇಡಂ ಕನ್ನಡಕ ಸರಿಮಾಡಿಕೊಂಡು ಮಣೆಯ ಮೇಲೆ ಬಾಗಿದರು. ಬಹಳ ಹೊತ್ತು ಮೀನನ್ನೇ ನೋಡಿದರು. ಆಮೇಲೆ ಮುಖ ನೋಡಿದರು. "ನೀನು ನನ್ನ ಸ್ಟೂಡೆಂಟ್ ಅಲ್ವೇನೇ?" ಎಂದರು.

"ಅಲ್ಲ ಅಂದೆ" ಎನ್ನುವಾಗ ಇವರ ದನಿ ಇಳಿಯುತ್ತದೆ. "ಕಾಲೇಜು ಮೆಟ್ಲೇ ಹತ್ತಿಲ್ಲ, ನೀವು ಬೇರೆ ಯಾರನ್ನೋ ಹೇಳ್ತಿದೀರ ಅಂದೆ. 'ಇರಬಹುದಮ್ಮ, ನಂಗೂ ವಯಸ್ಸಾಯ್ತು' ಅಂದ್ರು. ಕಣ್ಣಲ್ಲಿ ನೀರಿತ್ತು ಸಾರ್. ಮೀನು ತಗೊಂಡ್ರು, ಹೋದ್ರು."

ಪಕ್ಕದಲ್ಲೇ ನಿಂತಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು. ಮಣೆ ತೊಳೆಯುವಾಗ ಒಮ್ಮೆಗೇ ಸಿಡಿದರು. "ಈ ಮಣೆ ಕಂಡ್ರೆ ನಿಂಗೆ ಅಷ್ಟು ನಾಚಿಕೇನಾ? ನಿನ್ನ ಕಾಲೇಜು ಫೀಸು ಇದ್ರ ಮೇಲೇ ಹುಟ್ಟಿದ್ದು ಕಣೇ! ಹಾಗಾದ್ರೆ ಇಷ್ಟು ವರ್ಷ ನಿಂತ ನಾನೇನು?"

ಮೊದಲೆಲ್ಲ ಇವರಿಗೆ ಕತ್ತಿ ಹಿಡಿದದ್ದಕ್ಕೆ ನಾಚಿಕೆಯಾಗುತ್ತಿತ್ತು. ಈಗ ಆ ಎರಡಕ್ಷರದ 'ಅಲ್ಲ' ಮುಳ್ಳಿನಂತೆ ಗಂಟಲಲ್ಲಿ ನಿಂತಿದೆ. ಮೇಡಂ ಮತ್ತೆ ಬಂದಿಲ್ಲ. ಕಾಲೇಜಿನ ಹತ್ತಿರದ ಅವರ ಹಳೇ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಎಲ್ಲಿಗೆ ಹೋದರೋ ಅವರಿಗೂ ಗೊತ್ತಿಲ್ಲ.

"ಅದಕ್ಕೇ ನಿಮಗೆ ಫೋನ್ ಮಾಡಿದ್ದು" ಎನ್ನುತ್ತಾರೆ. "ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿ ಓದದೆ ಮೇಡಂ ಕಾಫೀನೂ ಕುಡೀತಿರ್ಲಿಲ್ಲ. ಈಗ್ಲೂ ಓದ್ತಿರ್ತಾರೆ."

ಏನು ಬರೆಯಲಿ ಹೇಳಿ ಎನ್ನುತ್ತೇನೆ. ಇವರು ಕೈ ಒರೆಸಿಕೊಳ್ಳುತ್ತಾರೆ. ಅತ್ತೆಯ ಕಡೆ ಒಮ್ಮೆ ನೋಡುತ್ತಾರೆ.

"ನನ್ನ ಕಷ್ಟಗಿಷ್ಟ ಏನೂ ಬರೀದಿದ್ರೂ ನಡೆಯತ್ತೆ ಸಾರ್. ಅವತ್ತು ಆ ಮೀನು ಬಿಡಿಸಿದ್ದು ನಾನೇ ಮೇಡಂ, ನಿಮ್ಮ ಹುಡುಗೀನೇ. ಅಷ್ಟು ಬರೀರಿ."