ಕಪ್ಪು ಕೂದಲಿನ ಅಕ್ಕ

ಅವರ ಕೂದಲು ಅತಿಯಾಗಿ ಕಪ್ಪಾಗಿತ್ತು. ಹುಟ್ಟಿನಿಂದ ಬಂದ ಕಪ್ಪಿಗೆ ಬಿಸಿಲಿನಲ್ಲಿ ಸ್ವಲ್ಪವಾದರೂ ಕಂದು ಕಾಣುತ್ತದೆ. ಅವರದಕ್ಕೆ ಅದೂ ಇರಲಿಲ್ಲ. ಕಿವಿಯ ಅಂಚಿನಲ್ಲಿ, ಹಣೆಯ ಮೇಲ್ತುದಿಯಲ್ಲಿ ಒಮ್ಮೊಮ್ಮೆ ಡೈಯ ಕಲೆ ಉಳಿದಿರುತ್ತಿತ್ತು. ಉಳಿದಂತೆ ಶೃಂಗಾರ ಮಾಡಿಕೊಳ್ಳುವ ಹೆಂಗಸಲ್ಲ. ಮುಖಕ್ಕೆ ಪೌಡರ್ ಇಲ್ಲ, ಕಿವಿಯಲ್ಲಿ ಸಣ್ಣ ಓಲೆ, ಕೆಲಸಕ್ಕೆ ಅಡ್ಡವೆಂದು ಕೈಗೆ ಬಳೆಯೂ ಇಲ್ಲ. ಇಷ್ಟು ಸರಳವಾಗಿದ್ದವರಿಗೆ ಕೂದಲಿನ ವಿಷಯದಲ್ಲಿ ಮಾತ್ರ ಯಾಕೆ ಈ ಹಟ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಕಾವೂರಿನಲ್ಲಿ ನನ್ನ ಹೊಲಿಗೆ ಅಂಗಡಿ ಇರುವ ಕಟ್ಟಡದ ಮಹಡಿಯ ಮೇಲೆ ಅವರ ಕೋಣೆ. ಬಾಗಿಲಿನ ಪಕ್ಕ ಒಂದು ಸಣ್ಣ ಬೋರ್ಡು: ಮಸಾಜ್, ಮಹಿಳೆಯರಿಗೆ ಮಾತ್ರ. ಬಹರೈನಿನ ಒಂದು ಹೋಟೆಲಿನಲ್ಲಿ ಬಹಳ ವರ್ಷ ಇದೇ ಕೆಲಸ ಮಾಡಿ ಊರಿಗೆ ಮರಳಿದವರು. ಹೋದದ್ದು ಕೋಣೆ ಗುಡಿಸುವ ಕೆಲಸಕ್ಕೆ. ಮಸಾಜ್ ಕಲಿಸಿದ್ದು ಜೊತೆಯಲ್ಲಿದ್ದ ಥಾಯ್ಲೆಂಡಿನ ಹೆಂಗಸು. ಮದುವೆಯಾಗಿರಲಿಲ್ಲ. ಒಡಹುಟ್ಟಿದವರ ಮನೆ ಬಜಪೆಯಲ್ಲಿ. ಇವರು ಬ್ಯೂಟಿ ಪಾರ್ಲರ್ ಇಟ್ಟಿದ್ದಾರೆಂದು ಆ ಮನೆಯವರು ಹೇಳಿಕೊಳ್ಳುತ್ತಿದ್ದರು. ಅಕ್ಕ ಅದನ್ನು ತಿದ್ದಲು ಹೋಗಲಿಲ್ಲ. ಬೋರ್ಡು ಬದಲಿಸಲೂ ಇಲ್ಲ.

ನಾನು ಘಟ್ಟದ ಮೇಲಿನವಳು, ತರೀಕೆರೆ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಇಷ್ಟು ವರ್ಷವಾದರೂ ತುಳು ಕಿವಿಗೆ ಇಳಿದಿದೆಯೇ ಹೊರತು ನಾಲಗೆಗೆ ಬಂದಿಲ್ಲ. ಹಾಗಾಗಿ ಅಕ್ಕ ನನ್ನೊಡನೆ ಕನ್ನಡದಲ್ಲೇ ಮಾತನಾಡುತ್ತಿದ್ದರು.

ನಾನು ಅವರ ಹತ್ತಿರ ಹೋದದ್ದು ಕಾಲಿನ ನೋವಿಗೆ. ಹೊಲಿಗೆಯವರಿಗೆ ಇಡೀ ದಿನ ಬಲಗಾಲು ಮೋಟರಿನ ಪೆಡಲಿನ ಮೇಲೆ, ಸೊಂಟ ಒಂದು ಪಕ್ಕಕ್ಕೆ. ನೋವು ಪಿರ್ರೆಯಲ್ಲಿ ಶುರುವಾಗಿ ತೊಡೆಯ ಹಿಂಬದಿಯಿಂದ ಮೀನಖಂಡದವರೆಗೆ ಇಳಿಯುತ್ತಿತ್ತು. ಅತ್ತಾವರದಲ್ಲಿ ಡಾಕ್ಟರಿಗೆ ತೋರಿಸಿದೆ. ಅವರು ಎಕ್ಸ್‌ರೇ ನೋಡಿ, ಎಲುಬಿಗೆ ಏನೂ ಆಗಿಲ್ಲ, ಸ್ನಾಯು ಬಿಗಿದಿದೆ, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂರಬೇಡಿ ಎಂದರು. ಸರಿಯಾಗಿಯೇ ಹೇಳಿದರು. ಆದರೆ ಬ್ಲೌಸ್ ಹೊಲಿಯುವವಳು ಬೇರೆ ಯಾವ ಭಂಗಿಯಲ್ಲಿ ಕೂರಬೇಕು?

ಮಸಾಜ್ ಎಂದರೆ ಬಾಣಂತಿಗೆ ಮಾಡುವ ಹಾಗೆ ಮೈತುಂಬ ಎಣ್ಣೆ ಸುರಿದು ಉಜ್ಜುವುದು ಎಂದು ತಿಳಿದಿದ್ದೆ. ಅಕ್ಕ ಅಂಗೈಗೆ ಒಂದಿಷ್ಟೇ ಎಣ್ಣೆ ಹಚ್ಚಿಕೊಂಡರು. ಇಷ್ಟೇನಾ ಎಂದು ಕೇಳಿಯೇಬಿಟ್ಟೆ.

"ಎಣ್ಣೆ ಜಾಸ್ತಿಯಾದ್ರೆ ಕೈ ಮೇಲಿಂದಲೇ ಜಾರಿ ಹೋಗ್ತದೆ" ಎಂದರು. "ನಿಮ್ಮ ನೋವು ಅಡಿಯಲ್ಲಿ ಉಂಟು."

ಅವರದು ಉಜ್ಜುವ ಕೆಲಸವಲ್ಲ. ಮೊದಲು ಬೆರಳಿನಿಂದ ಹುಡುಕುತ್ತಿದ್ದರು. ಬಿಗಿದ ಜಾಗ ಸಿಕ್ಕಿದ ಮೇಲೆ ಮೊಣಕೈ ಊರಿ ಸುಮ್ಮನೆ ನಿಲ್ಲುತ್ತಿದ್ದರು. ನಾನು ಉಸಿರು ಬಿಟ್ಟಾಗ ಮೊಣಕೈ ಸ್ವಲ್ಪ ಒಳಗಿಳಿಯುತ್ತಿತ್ತು. ಉಸಿರು ಎಳೆದುಕೊಂಡಾಗ ಇದ್ದಲ್ಲೇ ಇರುತ್ತಿತ್ತು. ಅವಸರ ಎಂಬುದೇ ಇಲ್ಲ. ನೋವು ತಡೆಯಲಾರದೆ ಹಲ್ಲು ಕಚ್ಚಿದರೆ ಅವರಿಗೆ ಮುಖ ನೋಡದೆಯೇ ಗೊತ್ತಾಗುತ್ತಿತ್ತು. ಹಲ್ಲು ಕಚ್ಚಬೇಡಿ, ನೀವು ಅಲ್ಲಿ ಕಚ್ಚಿದರೆ ಇಲ್ಲಿ ಬಾಗಿಲು ಹಾಕಿದ ಹಾಗೆ ಆಗುತ್ತದೆ ಎನ್ನುತ್ತಿದ್ದರು. ಏಳುವಾಗ ಎಲ್ಲರಿಗೂ ಹೇಳುವ ಮಾತು ಒಂದೇ: "ನಾಳೆ ನನಗೆ ಬೈತೀರಿ. ನಾಡಿದ್ದು ಬಿಡ್ತೀರಿ." ಮರುದಿನ ಮೈಯೆಲ್ಲ ಯಾರೋ ಹೊಡೆದ ಹಾಗೆ ಇರುತ್ತಿತ್ತು, ಬೈಯುತ್ತಿದ್ದೆ. ಅದರ ಮರುದಿನ ಪೆಡಲ್ ಒತ್ತುವಾಗ ಕಾಲು ನನ್ನದೇ ಎನಿಸುತ್ತಿತ್ತು.

ಜ್ವರ ಎಂದರೆ ಮುಟ್ಟುತ್ತಿರಲಿಲ್ಲ. ಕಾಲು ಊದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ ಎಂದು ಕಳಿಸುತ್ತಿದ್ದರು. ಕೆಲಸದ ನಡುವೆ ಫೋನ್ ಬಂದರೆ ಬಡಿದುಕೊಳ್ಳಲಿ ಎಂದು ಬಿಡುತ್ತಿದ್ದರು. ಬರುವವರಲ್ಲಿ ಬಹಳಷ್ಟು ಜನ ನಿಂತು ದುಡಿಯುವವರು: ಡ್ಯೂಟಿ ಮುಗಿಸಿದ ನರ್ಸುಗಳು, ಬಟ್ಟೆ ಅಂಗಡಿಯ ಹುಡುಗಿಯರು, ಶಾಲೆಯ ಟೀಚರುಗಳು. ಬೆನ್ನು ಕುತ್ತಿಗೆಗಳ ದೂರು ಇತ್ತು, ಆದರೆ ಹೆಚ್ಚಿನವರದು ಕಾಲಿನದೇ.

ತಮ್ಮ ಬಗ್ಗೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಕಾಲೇಜು ಹುಡುಗಿಯನ್ನೂ 'ನೀವು' ಎನ್ನುತ್ತಿದ್ದರು. ಯಾರಾದರೂ ಬಾಯಿತಪ್ಪಿ 'ಅಮ್ಮ' ಎಂದರೆ ಕೇಳಿಸದವರ ಹಾಗೆ ಇದ್ದುಬಿಡುತ್ತಿದ್ದರು. ಹಬ್ಬದ ದಿನ ಒಬ್ಬಳು ಕಾಲಿಗೆ ಬೀಳಲು ಬಂದಾಗ ಅಕ್ಕ ಮೇಜಿನ ಆ ಕಡೆಗೆ ಸರಿದದ್ದನ್ನು ನಾನೇ ನೋಡಿದ್ದೇನೆ. ಒಮ್ಮೆ ಸಿಟಿ ಬಸ್ಸಿನಲ್ಲಿ ಜೊತೆಗಿದ್ದೆವು. ಕಂಡಕ್ಟರ್ ಹಿರಿಯರ ಸೀಟು ತೋರಿಸಿ ಕೂರಲು ಹೇಳಿದ. ಅವರು ಅವನನ್ನು ಒಮ್ಮೆ ನೋಡಿ, ನಮ್ಮ ಸ್ಟಾಪ್ ಬರುವ ತನಕ ಕಂಬ ಹಿಡಿದು ನಿಂತೇ ಬಂದರು. ವಯಸ್ಸು ಅಡಗಿಸುವ ಹೆಂಗಸರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇವರೂ ಅವರಲ್ಲಿ ಒಬ್ಬರು ಎಂದುಕೊಂಡೆ.

ಅಳತೆ ತೆಗೆಯುವಾಗ ತೋಳಿನ ಮಾಂಸ ಟೇಪಿಗೆ ಹೇಗೆ ಸಿಗುತ್ತದೆ ಎಂಬುದರಲ್ಲೇ ನಾನು ಗಿರಾಕಿಯ ವಯಸ್ಸು ಊಹಿಸುತ್ತೇನೆ. ಆ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಉಂಟು. ಅಕ್ಕನ ತೋಳು ಗಟ್ಟಿ. ಬಲಗೈಗೆ ಎಡಕ್ಕಿಂತ ಹೆಚ್ಚು ಬಟ್ಟೆ ಬಿಡಬೇಕಾಗುತ್ತಿತ್ತು. ಐವತ್ತು ದಾಟಿರಬಹುದು, ನನಗಿಂತ ಒಂದಿಷ್ಟು ದೊಡ್ಡವರು ಎಂದು ತೀರ್ಮಾನಿಸಿದ್ದೆ.

ಹೀಗಿರುವಾಗ ಬಜಪೆಯ ಮನೆಯ ಯಜಮಾನರಿಗೆ ಅರುವತ್ತು ತುಂಬಿದ ಸಮಾರಂಭ ಬಂತು. ಮನೆಯ ಹೆಂಗಸರ ಬ್ಲೌಸುಗಳೆಲ್ಲ ನನ್ನ ಕೈಯಲ್ಲೇ ಆದವು, ಅಕ್ಕನದೂ. ಅವರು ಅಣ್ಣನೋ ತಮ್ಮನೋ ಎಂದು ಅಕ್ಕ ಯಾವತ್ತೂ ಹೇಳಿರಲಿಲ್ಲ. ಅರುವತ್ತಾದವರು ಅಣ್ಣನೇ ಇರಬೇಕು ಎಂದು ನಾನು ವಿಚಾರ ಮಾಡದೆ ಬಿಟ್ಟಿದ್ದೆ. ಒಬ್ಬ ನರ್ಸಿಗೂ ಒಬ್ಬ ಟೀಚರಿಗೂ ಆ ಮನೆಯ ಪರಿಚಯವಿತ್ತು. ಮೂವರೂ ಸಭಾಂಗಣದಲ್ಲಿ ಒಂದೇ ಸಾಲಿನಲ್ಲಿ ಕುಳಿತಿದ್ದೆವು. ಮೂವರೂ ಅಕ್ಕನ ಮೇಜಿನ ಮೇಲೆ ಮಲಗಿ ಎದ್ದವರೇ.

ಅಕ್ಕ ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕುಳಿತಿದ್ದರು. ಹಿರಿಯರು ಆಶೀರ್ವಾದ ಮಾಡಬೇಕು ಎಂದು ಪುರೋಹಿತರು ಕರೆದಾಗ, ಅರುವತ್ತು ತುಂಬಿದವರೇ ಮೈಕ್ ತೆಗೆದುಕೊಂಡು, ತನ್ನನ್ನು ಸೊಂಟದಲ್ಲಿ ಎತ್ತಿಕೊಂಡು ತಿರುಗಿದ ಅಕ್ಕ ಇಲ್ಲೇ ಇದ್ದಾಳೆ, ಮೊದಲ ಅಕ್ಷತೆ ಅವಳದಾಗಬೇಕು ಎಂದರು. ಅಕ್ಕ ಏಳಲಿಲ್ಲ. ಅವರೇ ವೇದಿಕೆ ಇಳಿದು, ಪಟ್ಟೆಶಾಲು ನೆಲಕ್ಕೆ ತಾಗಿಸುತ್ತ ಅಷ್ಟೂ ಜನರ ಎದುರು ಅಕ್ಕನ ಕಾಲಿಗೆ ಬಿದ್ದರು. ಫೋಟೋದವರು ಓಡಿ ಬಂದರು. ಪ್ರೀತಿಯಿಂದ ಮಾಡಿದ್ದು, ಅದರಲ್ಲಿ ಸಂಶಯವಿಲ್ಲ. ಅಕ್ಕ ಅವರ ತಲೆಯ ಮೇಲೆ ಅಕ್ಷತೆ ಹಾಕಿ ಹಾಕಿದ ಕೈಯನ್ನೇ ನೋಡುತ್ತ ನಿಂತರು.

ದೊಡ್ಡವರ ಕೈಯಿಂದ ಕಾಲು ಮುಟ್ಟಿಸಿಕೊಳ್ಳಬಾರದು ಎಂದು ನಮ್ಮಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಅಕಸ್ಮಾತ್ ಕಾಲು ತಾಗಿದರೂ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ನನ್ನ ಪಕ್ಕದಲ್ಲಿದ್ದ ನರ್ಸ್, ತನಗೇ ಗೊತ್ತಿಲ್ಲದ ಹಾಗೆ, ಎರಡೂ ಕಾಲುಗಳನ್ನು ಕುರ್ಚಿಯ ಅಡಿಗೆ ಎಳೆದುಕೊಂಡರು. ಅತ್ತ ನೋಡಿದರೆ ಟೀಚರ್ ಕೂಡ ಸೀರೆಯ ಅಂಚು ಕೆಳಗೆಳೆದು ಕುಳಿತಿದ್ದರು.

ಮುಂದಿನ ವಾರದಿಂದಲೇ ಗೊತ್ತಾಗತೊಡಗಿತು. ಸುದ್ದಿ ಬಾಯಿಂದ ಬಾಯಿಗೆ ಹೋಗಿತ್ತು. ಬಂದವರು ಬೆನ್ನು ಸಾಕು, ಭುಜ ಸಾಕು ಎಂದು ಏಳುತ್ತಿದ್ದರು. ಕಾಲಿಗೆಂದೇ ಬರುತ್ತಿದ್ದವರು ಬರುವುದನ್ನೇ ಬಿಟ್ಟರು. ಮೆಟ್ಟಿಲು ನನ್ನ ಅಂಗಡಿಯ ಪಕ್ಕದಲ್ಲೇ ಇರುವುದರಿಂದ ಹತ್ತುವ ಇಳಿಯುವ ಸದ್ದು ಕಡಿಮೆಯಾದದ್ದು ನನಗೆ ಕೇಳುತ್ತಿತ್ತು. ನಾನೂ ಬೇರೆಯವಳಲ್ಲ. ನನ್ನ ಸರದಿ ಬಂದಾಗ, ಅವರ ಕೈ ಸೊಂಟದಿಂದ ಕೆಳಗೆ ಬರುವಷ್ಟರಲ್ಲಿ ಎದ್ದು ಕುಳಿತೆ. ಕಾಲು ಇವತ್ತು ಬೇಡ, ನೋವಿಲ್ಲ ಎಂದೆ. ಮೆಟ್ಟಿಲು ಹತ್ತುವಾಗ ನಾನು ಕಾಲು ಎಳೆದದ್ದು ಅವರಿಗೆ ಕಂಡಿತ್ತು.

ಅಕ್ಕ ಕೈ ಒರೆಸಿಕೊಂಡರು. "ಹೋದ ತಿಂಗಳು ಕೊಟ್ಟದ್ದು ಇದೇ ಕಾಲಲ್ವಾ?" ಎಂದು ಕೇಳಿದರು.

ಆಮೇಲೆ ಅವರೇ ಹೇಳಿದರು. ಊರಿಗೆ ಬಂದು ಕೋಣೆ ತೆರೆದ ಮೊದಲ ತಿಂಗಳಲ್ಲೇ ಇದು ಗೊತ್ತಾಗಿತ್ತಂತೆ. ಬಹರೈನಿನಲ್ಲಿ ಯಾರೂ ವಯಸ್ಸು ನೋಡುತ್ತಿರಲಿಲ್ಲ. ಇಲ್ಲಿ ನಾಲ್ಕು ಬಿಳಿ ಕೂದಲು ಕಂಡದ್ದೇ ಹೆಂಗಸರು ಕಾಲು ಮಡಚಿಕೊಂಡರು. ಅಂದು ಸಂಜೆಯೇ ಡೈ ತಂದದ್ದು. 'ನೀವು' ಎನ್ನುವುದು, ಬಸ್ಸಿನಲ್ಲಿ ನಿಲ್ಲುವುದು ಎಲ್ಲ ಅದರ ಹಿಂದೆ ಬಂದದ್ದು.

"ಕಾಲು ಇಲ್ಲದಿದ್ರೆ ನನ್ನ ಕೆಲಸ ಅರ್ಧ" ಎಂದರು. "ಅರ್ಧ ಕೆಲಸದಲ್ಲಿ ಈ ಕೋಣೆ ನಡೆಯುವುದಿಲ್ಲ. ತಮ್ಮ ಒಳ್ಳೆಯವನೇ, ಮನೆಯಲ್ಲಿ ಜಾಗವೂ ಉಂಟು. ಆದ್ರೆ ಅಲ್ಲಿ ನಾನು ಕೂತು ಉಣ್ಬೇಕು."

ಇಷ್ಟು ದಿನ ನಾನು ನಕ್ಕದ್ದು ಆ ಕೂದಲಿಗೆ. ಅವತ್ತು ನನಗೆ ನಾಚಿಕೆಯಾಯಿತು. ಆದರೂ ಕಾಲು ಕೊಡಲು ಮನಸ್ಸು ಬರಲಿಲ್ಲ. ನಾಚಿಕೆಯಿಂದ ಹಳೆಯ ಅಂಜಿಕೆ ಹೋಗುವುದಿಲ್ಲ.

ಅಷ್ಟರಲ್ಲಿ ಮದುವೆಯ ಸೀಸನ್ ಬಂತು. ಅಂಗಡಿಯಲ್ಲಿ ಬಟ್ಟೆಯ ರಾಶಿ, ನನ್ನ ಬಲಗಾಲು ಪೂರ್ತಿ ಮುಷ್ಕರ ಹೂಡಿತು. ಎಡಗಾಲಿನಲ್ಲಿ ಪೆಡಲ್ ಒತ್ತಿ ನೋಡಿದೆ. ಮೆಷಿನ್ ಬೇಕಾದಾಗ ನಿಲ್ಲದೆ ಒಬ್ಬ ಮದುಮಗಳ ರವಿಕೆಯ ಕತ್ತು ಸೊಟ್ಟಗಾಯಿತು. ಅದನ್ನು ಬಿಚ್ಚುತ್ತ ಕುಳಿತಿದ್ದಾಗ ಅಕ್ಕ ಬಾಗಿಲಿನಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

"ಮೇಲೆ ಬಾ" ಎಂದರು. ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಹೋದೆ. ಮೇಜಿನ ಪಕ್ಕ ನಿಂತು, ನನ್ನಿಂದ ಆಗುವುದಿಲ್ಲ ಅಕ್ಕ, ನೀವು ನನ್ನ ದೊಡ್ಡಕ್ಕನಿಗಿಂತಲೂ ದೊಡ್ಡವರು ಎಂದೆ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಕಿಟಕಿಯ ಹತ್ತಿರ ಹೋಗಿ ಪರದೆ ಎಳೆದರು. ತಿರುಗಿ ಬಂದು ನನ್ನೆದುರು ನೆಟ್ಟಗೆ ನಿಂತು, ಚೂಡಿದಾರದ ಕಾಲಂಚನ್ನು ಪಾದದಿಂದ ಒಂದಿಷ್ಟು ಮೇಲಕ್ಕೆತ್ತಿದರು.

"ಹಾಗಾದ್ರೆ ಮೊದಲು ನಮಸ್ಕಾರ ಮಾಡು."

ನನಗೆ ತಕ್ಷಣ ಅರ್ಥವಾಗಲಿಲ್ಲ. ನಮಸ್ಕಾರ ತಪ್ಪಿಸಿಕೊಳ್ಳಲು ಮೇಜು ಸುತ್ತಿದವರು ಇವರೇ. ಬಗ್ಗಿ ಎರಡೂ ಪಾದ ಹಿಡಿದೆ. ತಲೆಯ ಮೇಲೆ ಅವರ ಅಂಗೈ ಭಾರವಾಗಿ ಕೂತಿತು.

"ಸಾಕು, ಮಲಗು" ಎಂದರು. "ಮೊದಲು ಹಿಡಿದದ್ದು ನೀನು. ಇನ್ನು ನಾನು ಹಿಡಿದ್ರೆ ಅದು ಕೆಲಸ ಮಾರಾಯ್ತಿ, ಅಷ್ಟೆ."

ಇದಕ್ಕೆ ಯಾವ ಶಾಸ್ತ್ರದಲ್ಲಿ ಆಧಾರವಿದೆಯೋ ನನಗೆ ತಿಳಿಯದು. ನನ್ನ ಕಾಲಿಗೆ ಅಷ್ಟು ಸಾಕಾಯಿತು. ಅವತ್ತು ಅವರು ಪಿರ್ರೆಯಿಂದ ಹಿಮ್ಮಡಿಯವರೆಗೆ, ಒಂದೊಂದು ಗಂಟಿನ ಮೇಲೂ ಕಾದು ಕಾದು ಇಳಿದರು. ಮೀನಖಂಡಕ್ಕೆ ಬಂದಾಗ ನಾನು ಅತ್ತೆ. ನೋವಿಗೆ ಎಂದುಕೊಂಡು ಅವರು ಒತ್ತು ಕಡಿಮೆ ಮಾಡಿದರು, ನಾನೂ ಹಾಗೆಯೇ ತಿಳಿಯಲಿ ಎಂದು ಬಿಟ್ಟೆ. ಮರುದಿನ ಬೈದೆ. ಅದರ ಮರುದಿನ ಬಲಗಾಲಿನಲ್ಲೇ ಹೊಲಿದೆ.

ನರ್ಸಿಗೆ ನಾನೇ ಹೇಳಿದೆ. ನರ್ಸ್ ಟೀಚರಿಗೆ ಹೇಳಿದರು. ಮೆಟ್ಟಿಲಿನ ಸದ್ದು ಮೆಲ್ಲಗೆ ಮರಳಿ ಬಂತು. ಬಂದವರು ಚಪ್ಪಲಿ ಬಿಟ್ಟು, ಚೀಲ ಇಟ್ಟು, ಬಗ್ಗಿ ನಮಸ್ಕಾರ ಮಾಡಿ, "ಸಾಕು, ಮಲಗು" ಎಂದಾಗ ಮಲಗುವುದು ಆ ಕೋಣೆಯ ಪದ್ಧತಿಯೇ ಆಯಿತು. ಹೊಸಬರು ಕಾರಣ ಕೇಳದೆ ಹಾಗೆಯೇ ಮಾಡಿದರು. ಅಕ್ಕ ಡೈ ಹಾಕುವುದನ್ನು ಬಿಟ್ಟರು. ಬೈತಲೆಯಲ್ಲಿ ಒಂದು ಬಿಳಿ ಗೆರೆ ಹುಟ್ಟಿ ತಿಂಗಳು ತಿಂಗಳು ಅಗಲವಾಗುತ್ತ ಹೋಯಿತು. ಬಸ್ಸಿನಲ್ಲಿ ಹಿರಿಯರ ಸೀಟಿನಲ್ಲಿ ಯಾರಾದರೂ ಕುಳಿತಿದ್ದರೆ ಈಗ ತಾವೇ ಎಬ್ಬಿಸುತ್ತಿದ್ದರು.

ಆದರೆ ಅದರಿಂದ ಅವರಿಗೆ ಸುಖವಾಯಿತು ಎಂದು ಹೇಳಲಾರೆ. ಕಾಲಿಗೆ ಬಿದ್ದವರು ಮನೆಯ ಸಂಗತಿಗಳನ್ನೂ ತಂದು ಸುರಿದರು. ಮಗುವಿಗೆ ಹೆಸರಿಡಲು, ಹೊಸ ಮನೆಯ ಒಕ್ಕಲಿಗೆ, ಗಂಡನಿಗೆ ಬುದ್ಧಿ ಹೇಳಲು ಅಕ್ಕ ಬೇಕಾದರು. ಕಪ್ಪು ಕೂದಲೇ ಒಳ್ಳೆಯದಿತ್ತು, ಆಗ ಯಾರೂ ಸೊಸೆಯ ದೂರು ಹೇಳುತ್ತಿರಲಿಲ್ಲ ಎಂದು ನನ್ನ ಬೆನ್ನಿನ ಮೇಲೆ ಮೊಣಕೈ ಇಟ್ಟು ಗೊಣಗುತ್ತಿದ್ದರು. ಆ ಗೊಣಗಾಟ ನನಗೆ ಇಷ್ಟವಾಗಿತ್ತು. ಬೇರೆಯವರೆದುರು ಅವರು ಗೊಣಗುತ್ತಿರಲಿಲ್ಲ.

ಕೆಲವು ವರ್ಷ ಹೀಗೆಯೇ ನಡೆಯಿತು. ಕೊನೆಕೊನೆಗೆ ಹೆಬ್ಬೆರಳಿನ ಗಂಟು ನೋಯುತ್ತದೆ ಎಂದು ಮುಂಗೈಯಲ್ಲೇ ಕೆಲಸ ಸಾಗಿಸುತ್ತಿದ್ದರು. ಬಿಡುವ ಮಾತು ಮಾತ್ರ ಆಡಲಿಲ್ಲ. ಈ ಸಲದ ಚೌತಿಗೆ ತಮ್ಮನ ಮನೆಗೆ ಹೋದವರು, ಊಟ ಮಾಡಿ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಸಂಜೆ ತಮ್ಮನೇ ಫೋನ್ ಮಾಡಿ ತಿಳಿಸಿದರು.

ನಾನೂ ನರ್ಸೂ ಮರುದಿನ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಹೋದೆವು. ವಿಮಾನ ನಿಲ್ದಾಣ ಹತ್ತಿರವೇ, ಮನೆಯ ಮೇಲಿನಿಂದ ವಿಮಾನ ಹೋದಾಗಲೆಲ್ಲ ಒಳಗಿನ ಅಳು ಸ್ವಲ್ಪ ಹೊತ್ತು ಕೇಳಿಸದೆ ಮತ್ತೆ ಕೇಳಿಸುತ್ತಿತ್ತು. ಚಾವಡಿಯಲ್ಲಿ ಮಲಗಿಸಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಯಾರೋ ಚೆನ್ನಾಗಿ ಬಾಚಿದ್ದರು. ಅಂಗಳದಿಂದ ಗೇಟಿನವರೆಗೆ ಹೆಂಗಸರ ಸಾಲು, ಅರ್ಧಕ್ಕರ್ಧ ನಮ್ಮ ಮೆಟ್ಟಿಲು ಹತ್ತಿದವರು. ಅಕ್ಕನ ತಮ್ಮ ಬಾಗಿಲಿನಲ್ಲಿ ನಿಂತು, ಇಷ್ಟೊಂದು ಜನ ಯಾರು ಎಂದು ಪಕ್ಕದವರನ್ನು ಕೇಳುತ್ತಿದ್ದರು.

ನನ್ನ ಸರದಿ ಬಂದಾಗ ಬಗ್ಗಿ ಎರಡೂ ಪಾದ ಹಿಡಿದೆ. ಉಳಿದವರು ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋಗುತ್ತಿದ್ದರು. ನಾನು ಹಿಡಿದುಕೊಂಡೇ ಇದ್ದೆ. ಹಿಂದಿದ್ದ ನರ್ಸ್ ಭುಜ ಮುಟ್ಟಿ, ಸಾಲು ಉದ್ದ ಉಂಟು ಎಂದು ಕಿವಿಯಲ್ಲಿ ಹೇಳಿದ ಮೇಲೆಯೇ ನನಗೆ ತಿಳಿದದ್ದು, ಅವರು "ಸಾಕು, ಮಲಗು" ಎನ್ನಲಿ ಎಂದು ನಾನು ಕಾಯುತ್ತಿದ್ದೆ.