ಕಾರಿಲ್ಲದ ಅಧ್ಯಕ್ಷೆ

ಕಾರುಗಳ ಸೀಟು ಹೊಲಿಯುವ ಆಕೆಯನ್ನು ಬೀದಿಯವರೆಲ್ಲ ಸೂಜಿ ಎಂದೇ ಕರೆಯುತ್ತಿದ್ದರು. ಮೈಕಟ್ಟಿಗೂ ಆ ಹೆಸರು ಒಪ್ಪುತ್ತಿತ್ತು, ನಾಲಿಗೆಗಂತೂ ಇನ್ನೂ ಚೆನ್ನಾಗಿ ಒಪ್ಪುತ್ತಿತ್ತು. ಟೈರು ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಅವಳ ಹೊಲಿಗೆ ಯಂತ್ರ. ಗುಜರಿಗೆ ಹೊರಟಿದ್ದ ಪುಟ್ಟ ಜಪಾನಿ ಸ್ಪೋರ್ಟ್ಸ್ ಕಾರೊಂದನ್ನು ಅಲ್ಲಿಗೆ ಎಳೆಸಿಕೊಂಡು ಬಂದು, ವರ್ಷಗಟ್ಟಲೆ ಅದರ ಮೈಮೇಲೆ ಬಿದ್ದು ದುಡಿದು, ಮತ್ತೆ ಓಡುವ ಹಾಗೆ ಮಾಡಿದ್ದಳು. ಎರಡೇ ಸೀಟು. ಮೇಲೆ ಮಡಚಿ ಇಳಿಸುವ ಬಟ್ಟೆಯ ಟಾಪು. ಸ್ವಿಚ್ಚು ಒತ್ತಿದರೆ ಬಾನೆಟ್ಟಿನೊಳಗೆ ಮಲಗಿದ್ದ ದೀಪಗಳು ಎದ್ದು ನೋಡುತ್ತಿದ್ದವು. ಪಕ್ಕದ ಸೀಟನ್ನು ತನ್ನ ಸೊಂಟದ ಅಳತೆಗೇ ಹೊಲಿದುಕೊಂಡಿದ್ದಳು. ಸ್ಟೀರಿಂಗು ಗಂಡನಿಗೆ ಬಿಟ್ಟಿದ್ದಳು. ಕಾಗದಪತ್ರವನ್ನೂ ಅವನ ಹೆಸರಿಗೇ ಮಾಡಿಸಿದ್ದಳು. ಪ್ರೀತಿ ಇದ್ದಾಗ ಮಾಡಿದ ಪೆದ್ದುತನ.

ಗಂಡ ವಿಮೆ ಏಜೆಂಟು, ಮಾತಿನ ಮಲ್ಲ. ಒಂದು ಬೆಳಿಗ್ಗೆ ಬಟ್ಟೆಯ ಬ್ಯಾಗಿನ ಜೊತೆ ಕಾರನ್ನೂ ತೆಗೆದುಕೊಂಡು ಹೊರಟೇ ಹೋದ. ಆ ಸೀಟಿನಲ್ಲಿ ಬೇರೊಬ್ಬಳು ಕೂತಿದ್ದನ್ನು, ಹಾಲು ತರಲು ಹೋಗಿದ್ದ ಸೂಜಿಯ ಅಮ್ಮ ಕಣ್ಣಾರೆ ಕಂಡು ಬಂದಳು.

"ಅವನು ಹೋದ್ರೆ ಪೀಡೆ ತೊಲಗ್ತು ಅಂದ್ಕೋತೀನಮ್ಮ," ಎಂದಳು ಸೂಜಿ. "ಆದ್ರೆ ಆ ಸೀಟು ನಂದು."

ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಆ ಕಾರು ಮತ್ತೆ ತನ್ನ ಶೆಡ್ಡಿಗೆ ಬರುವವರೆಗೆ ಅದು ಆರುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಗಂಡ ಊರಿನ ಇನ್ನೊಂದು ತುದಿಯಲ್ಲೇ ಮನೆ ಮಾಡಿದ್ದ. ಹೋಗಿ ಕೂಗಾಡಬಹುದಿತ್ತು. ಕೂಗಾಡಿದರೆ ಬಾಗಿಲು ಹಾಕಿಕೊಳ್ಳುತ್ತಾನೆ. ಹೊಗಳುವವರು ನಾಲ್ಕು ಜನ ಸೇರಿದ್ದಾರೆಂದರೆ ಮಾತ್ರ ಕರೆಯದಿದ್ದರೂ ಓಡಿ ಬರುತ್ತಾನೆ. ಅದಕ್ಕೇ ಸೂಜಿ ಕ್ಲಬ್ಬು ಕಟ್ಟಿದಳು.

ಟೈರು ಅಂಗಡಿಯ ಗೋಡೆಗೆ ಒಂದು ಚೀಟಿ ಅಂಟಿಸಿದಳು: ಪುಟ್ಟ ಜಪಾನಿ ಸ್ಪೋರ್ಟ್ಸ್ ಕಾರು ಇರುವವರು ತಿಂಗಳ ಮೊದಲ ಭಾನುವಾರ ಮುಚ್ಚಿದ ಚಿತ್ರಮಂದಿರದ ಅಂಗಳಕ್ಕೆ ಬನ್ನಿ. ಮೊದಲು ಬಂದವರು ಕಣ್ಣಿನ ಡಾಕ್ಟರು. ಆಮೇಲೆ ಬಂದವನು ಬಸ್ಸು ಓಡಿಸಿ ನಿವೃತ್ತನಾದ ಡ್ರೈವರ್. "ಜೀವಮಾನವೆಲ್ಲ ಊರನ್ನೇ ಹೊತ್ಕೊಂಡು ತಿರುಗಿದೀನಿ, ಇನ್ನು ಹಿಂದುಗಡೆ ಯಾರೂ ಕೂರಬಾರ್ದು," ಎಂದು ಅವನು ಕಾಲು ಚಾಚಿ ಕೂತ. ಬರಬರುತ್ತಾ ಅಂಗಳ ತುಂಬಿತು. ರಸ್ತೆಯಲ್ಲಿ ಎದುರಾದ ಸದಸ್ಯರು ದೀಪ ಎತ್ತಿ ಇಳಿಸಿ ನಮಸ್ಕಾರ ಹೇಳಬೇಕು ಎನ್ನುವುದು ಕ್ಲಬ್ಬಿನ ಮೊದಲ ನಿಯಮವಾಯಿತು.

"ಎಲ್ಲಾ ಸರಿ ಅಕ್ಕ, ಅಧ್ಯಕ್ಷರ ಕಾರೆಲ್ಲಿ?" ಎಂದು ಡ್ರೈವರ್ ಕಾಲೆಳೆದ.

"ದಾರೀಲಿದೆ. ಬರ್ತಾ ಇದೆ."

ಚಳಿಗಾಲ ಬಂದಾಗ ಸೂಜಿ ಸ್ಪರ್ಧೆ ಏರ್ಪಡಿಸಿದಳು. ತಮ್ಮ ಕೈಯಾರೆ ಕಾರು ಸಿಂಗರಿಸಿದವರಿಗೆ ಬಹುಮಾನ. ಪ್ರತಿಯೊಬ್ಬರೂ ಎಲ್ಲರೆದುರು ತಮ್ಮ ಟಾಪನ್ನು ತಾವೇ ಇಳಿಸಬೇಕು. ನೋಡುವವರು ತುಟಿ ಬಿಚ್ಚಬಾರದು. ಈ ನಿಯಮ ಯಾಕೆಂದು ಯಾರೂ ಕೇಳಲಿಲ್ಲ.

ಗಂಡ ಬಂದೇಬಿಟ್ಟ. ಸದಸ್ಯನಾಗಿ ಸಹಿ ಹಾಕಿದ. ಅಧ್ಯಕ್ಷೆಯನ್ನು ನೋಡಿ ಒಂದು ಕ್ಷಣ ಮುಖ ಹುಳ್ಳಗಾಯಿತು. ಆದರೆ ಸುತ್ತ ನಿಂತವರು ಕಾರು ನೋಡಿ ಬಾಯಿ ಬಾಯಿ ಬಿಡುತ್ತಿದ್ದರು. ಉಬ್ಬಿ ಹೋದ. "ಒಂದೊಂದು ಹೊಲಿಗೆನೂ ನಂದೇ," ಎಂದ, ಸೂಜಿಯ ಎದುರಿಗೇ! ಪಕ್ಕದಲ್ಲಿದ್ದ ಹೊಸಬಳು ಹೆಮ್ಮೆಯಿಂದ ತಲೆಯಾಡಿಸಿದಳು.

ಆ ಕಾರಿನ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಟಾಪು ಇಳಿಸುವ ಮೊದಲು ಜಿಪ್ಪು ಬಿಚ್ಚಿ ಅದನ್ನು ಮಲಗಿಸಬೇಕು, ಇಲ್ಲದಿದ್ದರೆ ಚಳಿಯಲ್ಲಿ ಸೀಳುತ್ತದೆ. ಅಂಥ ಕಾರಿಟ್ಟುಕೊಂಡವರಿಗೆ ಇದು ಚಪ್ಪಲಿ ಬಿಟ್ಟು ಮನೆಯೊಳಗೆ ಬಂದಷ್ಟೇ ಅಭ್ಯಾಸ. ಗಂಡ ಮಾತ್ರ ತಲೆಯ ಮೇಲೆ ಉಳಿದ ನಾಲ್ಕು ಕೂದಲು ಹಾರುತ್ತವೆಂದು ಎಂದೂ ಟಾಪು ಇಳಿಸಿದವನಲ್ಲ. ಅಪರೂಪಕ್ಕೆ ಇಳಿಸಬೇಕಾದಾಗ ಅದು ಸೂಜಿಯ ಕೆಲಸವಾಗಿತ್ತು.

ಅವನು ಎರಡೂ ಕೊಂಡಿ ಬಿಚ್ಚಿ ಟಾಪಿಗೆ ಕೈ ಹಾಕಿದ. ಡಾಕ್ಟರು ಕಣ್ಣು ಮುಚ್ಚಿಕೊಂಡರು. ಡ್ರೈವರ್ ಬಾಯಿಗೆ ಕೈ ಅಡ್ಡ ಹಿಡಿದ. ಸೂಜಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ತುಟಿ ಕಚ್ಚಿಕೊಂಡು ನಿಂತಳು.

ಕಿಟಕಿ ಉದ್ದಕ್ಕೂ ಸೀಳಿತು. ಬೆರಳು ಚುಚ್ಚಿಸಿಕೊಂಡು ಅವಳೇ ಹೊಲಿದ ಕಿಟಕಿ ಅದು. ಆದರೂ ಕಣ್ಣು ತೆಗೆಯದೆ ನೋಡಿದಳು.

"ನೀವೇ ಹೊಲಿದಿದ್ದು ಅಂದ್ರಲ್ಲ," ಎಂದಳು ಹೊಸಬಳು. "ಜಿಪ್ಪಿರೋದೇ ಗೊತ್ತಿರ್ಲಿಲ್ವಾ?"

ಕಿಟಕಿ ಹೊಲಿಸಲು ಗಂಡ ಊರಿನ ಅಂಗಡಿಗಳನ್ನೆಲ್ಲ ಸುತ್ತಿದ. ಎಲ್ಲರೂ ಒಂದೇ ಶೆಡ್ಡಿನ ದಾರಿ ತೋರಿಸಿದರು. ಕೊನೆಗೆ ತಲೆ ತಗ್ಗಿಸಿಕೊಂಡು ಬಂದು ನಿಂತ. ಒಂದು ಕಾಲದಲ್ಲಿ ಅವನನ್ನು 'ರೀ' ಎಂದು ಕರೆಯುತ್ತಿದ್ದವಳು ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡಳು.

"ಬಿಟ್ಟು ಹೋಗಿ ಸಾರ್. ನಾಳೆ ಬನ್ನಿ."

ನಾಳೆ ಬಂದ. ಬಟ್ಟೆ ಬಂದಿರಲಿಲ್ಲ. ಮತ್ತೆ ಬಂದ, ದಾರ ಸರಿಯಿರಲಿಲ್ಲ. ದರ್ಜಿಯ ನಾಳೆ ಎಂಥದೆಂದು ಬಟ್ಟೆ ಹೊಲಿಸಿದವರಿಗೆಲ್ಲ ಗೊತ್ತು, ಅವನಿಗೂ ಈಗ ಗೊತ್ತಾಯಿತು. ಚಪ್ಪಲಿ ಸವೆಯಿತು. ಒಂದು ದಿನ ರೇಗಿ, "ಹೊಲೀದಿದ್ರೆ ಬೇಡ, ನನ್ನ ಕಾರು ನಂಗೆ ಕೊಡೇ!" ಎಂದ.

"ಟಾಪು ಪೂರ್ತಿ ಬಿಚ್ಚಿದೀನಲ್ಲ ಸಾರ್. ಹಂಗೇ ತಗೊಂಡು ಹೋಗ್ತೀರಾ? ಕೂದಲು ಹಾರುತ್ತೆ."

ಟೈರು ಅಂಗಡಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಅವನು ಬಸ್ಸು ಹಿಡಿಯಲು ಹೋದ.

ಮೊದಲ ಭಾನುವಾರ ಬಂತು. ಹೊಲಿಗೆಗೆ ಕೊಟ್ಟ ಗಾಡಿಯನ್ನು ಓಡಿಸಿ ನೋಡಬೇಡವೇ? ಸೂಜಿ ತೆರೆದ ಕಾರಿನಲ್ಲಿ ಸ್ಟೀರಿಂಗ್ ಹಿಡಿದು ಕೂತಳು. ಪಕ್ಕದ ಸೀಟಿನಲ್ಲಿ ಅಮ್ಮ. ಹಿಂದೆ ಕ್ಲಬ್ಬಿನ ಕಾರುಗಳೆಲ್ಲ ಸಾಲಾಗಿ ಬಂದವು. ಬಸ್‌ಸ್ಟಾಪಿನಲ್ಲಿ ಗಂಡ ಒಬ್ಬನೇ ನಿಂತಿದ್ದ.

ಎಷ್ಟಾದರೂ ಅವನೂ ಸದಸ್ಯನೇ. ಸೂಜಿ ಸ್ವಿಚ್ಚು ಒತ್ತಿ ದೀಪ ಎತ್ತಿದಳು, ಇಳಿಸಿದಳು. ಹಿಂದಿನವರೂ ಒಬ್ಬೊಬ್ಬರಾಗಿ ಎತ್ತಿ ಇಳಿಸಿದರು.

"ನಿಧಾನಕ್ಕೆ ಹೋಗೇ," ಎಂದಳು ಅಮ್ಮ, ಸೀಟಿಗೆ ಆರಾಮಾಗಿ ಒರಗಿಕೊಂಡು. "ಅವನು ಸರಿಯಾಗಿ ನೋಡ್ಲಿ."