ಉಮದಿಯ ಕೌದಿ, ಕಾರವಾರದ ಸೀರೆ

ಮನೆ ಬಾಡಿಗೆಗೆ ಕೊಡುವ ಮೊದಲು ನನ್ನ ಟ್ರಂಕನ್ನು ಮೂಸಿ ನೋಡಿದವಳು ಈ ಜಗತ್ತಿನಲ್ಲಿ ಒಬ್ಬಳೇ, ಉಮದಿಯ ಈರವ್ವ. ಚಿತ್ರಕಲೆಯ ಮಾಸ್ತರನೆಂದು ನೇಮಕವಾಗಿ, ವಿಜಾಪುರದಿಂದ ಬಸ್ಸಿನಲ್ಲಿ ಧೂಳು ನುಂಗುತ್ತ ಬಂದಿಳಿದು, ಹೈಸ್ಕೂಲಿನ ಜವಾನ ತೋರಿಸಿದ ಮನೆಯ ಕಟ್ಟೆಯ ಮೇಲೆ ಟ್ರಂಕು ಇಟ್ಟು ನಿಂತಿದ್ದೆ. ಹಣೆತುಂಬ ವಿಭೂತಿ ಬಳಿದ, ಐವತ್ತು ದಾಟಿದ ಹೆಂಗಸು ಹೊರಗೆ ಬಂದಳು. ನನ್ನ ಮುಖ ನೋಡಲಿಲ್ಲ. ಬಗ್ಗಿ ಟ್ರಂಕಿನ ಬೀಗದ ಹತ್ತಿರ ಮೂಗು ಒಯ್ದು ಎರಡು ಸಲ ಉಸಿರೆಳೆದಳು.

"ಯಾ ಊರ್ರಿ ನಿಮ್ಮದು?"

"ಕಾರವಾರ."

"ಅಂದ್ರ ಮೀನ ತಿನ್ನಾವ್ರು." ಇದು ಪ್ರಶ್ನೆಯಾಗಿರಲಿಲ್ಲ. "ಹೊರಗ ಏನರ ತಿನ್ರಿ, ನಾ ಕೇಳಂಗಿಲ್ಲ. ಈ ಹೊಸ್ತಲ ದಾಟಿ ಮೀನ ಒಳಗ ಬರಬಾರದು ನೋಡ್ರಿ. ಕುಂದ್ರಿ, ನೀರ ತರ್ತೀನಿ."

ನನಗೆ ಆದ ಅವಮಾನ ಇಷ್ಟಷ್ಟಲ್ಲ. ಆಕೆ ತಂದ ನೀರು ಬಾಯಿಗೆ ಹಾಕಿದ ಮೇಲೆ ಅವಮಾನ ಮರೆತು ವಾಕರಿಕೆ ಬಂತು. ಬಾವಿಯ ನೀರು ಉಪ್ಪುಪ್ಪು. ಕಡಲ ದಂಡೆಯಲ್ಲಿ ಹುಟ್ಟಿಯೂ ನಾನು ಉಪ್ಪುನೀರು ಕುಡಿದವನಲ್ಲ. ಸಮುದ್ರವೇ ಇಲ್ಲದ ಊರಿಗೆ ಬಂದು ಕುಡಿದೆ.

ನಮ್ಮ ಕಡೆಯ ಓದುಗರು ನನ್ನಿಂದ ಬಯಲುಸೀಮೆಯ ಸೂರ್ಯಾಸ್ತದ ವರ್ಣನೆ ನಿರೀಕ್ಷಿಸಿದ್ದರೆ ಕ್ಷಮಿಸಬೇಕು. ಮೊದಲ ವರ್ಷ ನಾನು ಕಂಡದ್ದೆಲ್ಲ ಹೇಸಿಗೆಯೇ. ಆ ನೀರಿನಲ್ಲಿ ಸೋಪು ನೊರೆ ಕೊಡುವುದಿಲ್ಲ, ಚಹಾ ಕುದಿಸಿದರೆ ಔಷಧಿ ಕುಡಿದಂತಾಗುತ್ತದೆ. ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ ಗಂಟಲಲ್ಲಿ ತಾನೇ ಜಾರುತ್ತದೆ. ಇಲ್ಲಿಯ ಕಟಕ ಜೋಳದ ರೊಟ್ಟಿಯನ್ನು ದನದಂತೆ ಅಗಿಯಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಚಿತ್ರದ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಇಲ್ಲಿ ಬೇಸಿಗೆಗೆ ಕಾಗದ ಹಪ್ಪಳದಂತೆ ಮುದುಡುತ್ತದೆ. ಬಣ್ಣದ ಡಬ್ಬಿ ತೆರೆದರೆ ಸಾಕು, ಅದರೊಳಗಿನ ಅಂಟಿನ ಆಸೆಗೆ ನೊಣಗಳು ಬಂದು ಕುಳಿತು, ಹಳದಿ ಕಾಲಿನಿಂದ ಎದ್ದು ನನ್ನ ರೊಟ್ಟಿಯ ಮೇಲೆ ನಡೆಯುತ್ತವೆ. ಹತ್ತಿರದ ಸನಮಡಿ, ಯಳವಿ ಹಳ್ಳಿಗಳ ಕುರಿಹಿಂಡು ಓಣಿಯಲ್ಲಿ ಹಾದುಹೋದ ಮರುದಿನ ನನ್ನ ಕಾಲಲ್ಲಿ ರಕ್ತ ಹೀರುವ ಉಣ್ಣೆಗಳು.

ಭಾಷೆಯ ಮಾತು ಹೇಳುವುದೇ ಬೇಡ. ಕನ್ನಡದ ಊರೆಂದು ಧೈರ್ಯದಿಂದ ಬಂದಿದ್ದೆ. ಮರಾಠಿ ಸೀಮೆಯ ಅಂಚಾದ್ದರಿಂದ ಕಚೇರಿಯ ಕಾಗದವೆಲ್ಲ ಮರಾಠಿ. ಬಾಯಿಮಾತಿನ ಕನ್ನಡವೂ ನನ್ನದಲ್ಲ. ನಾನು 'ಬೇಗ ಬನ್ನಿ' ಎಂದರೆ ತರಗತಿಯೆಲ್ಲ ನಗುತ್ತಿತ್ತು. "ಮಾಸ್ತರು ಪುಸ್ತಕ ಓದಿದಂಗ ಮಾತಾಡ್ತಾರ" ಎಂದು ಹೆಸರಾಯಿತು. ಒಂದು ದಿನ ಅರಿವಿಲ್ಲದೆ 'ಲಗೂನ ಬರ್ರಿ' ಅಂದುಬಿಟ್ಟೆ. ಯಾರೂ ನಗಲಿಲ್ಲ. ಆ ವರ್ಷದ ನನ್ನ ಗೆಲುವು ಅದೊಂದೇ.

ಇಂಥ ಊರಿಗೆ ನಾನು ಹೂಕುಂಡದ ಚಿತ್ರ ಕಲಿಸುವ ಆಸೆಯಿಂದ ಬಂದವನಲ್ಲ, ಬೇರೆ ದಾರಿಯಿಲ್ಲದೆ ಬಂದವನು. ದೂರದ ದೊಡ್ಡ ನಗರವೊಂದರ ವಿಶ್ವವಿದ್ಯಾಲಯದಲ್ಲಿ, ಕಲಾ ವಿಭಾಗದಲ್ಲಿ ನಾಲ್ಕು ವರ್ಷ ಓದಿದ್ದೆ. "ನಿನಗೆ ಕಣ್ಣಿದೆ" ಎಂದು ಪ್ರೊಫೆಸರರು ಎಲ್ಲರೆದುರು ಹೇಳಿದ್ದರು. ಕಣ್ಣಿಗೆ ಕೆಲಸ ಕೊಡುವವರು ಮಾತ್ರ ಯಾರೂ ಸಿಗಲಿಲ್ಲ. ಆ ವಿಭಾಗದಿಂದ ಹಳೆಯ ವಿದ್ಯಾರ್ಥಿಗಳಿಗೆಲ್ಲ ಎರಡು ತಿಂಗಳಿಗೊಮ್ಮೆ ಸೈಕ್ಲೋಸ್ಟೈಲ್ ಮಾಡಿದ ಪತ್ರವೊಂದು ಬರುತ್ತಿತ್ತು. ಮೇಲೆ 'ಸುದ್ದಿ', ಕೆಳಗೆ 'ಅವಕಾಶಗಳು'. ಸುದ್ದಿಯಲ್ಲಿ, ನನ್ನ ಪಕ್ಕದಲ್ಲಿ ಕುಳಿತು ನನ್ನ ರೇಖೆ ಕದಿಯುತ್ತಿದ್ದವನು ಇಟಲಿಗೆ ಹೊರಟಿರುತ್ತಿದ್ದ. ಇನ್ನೊಬ್ಬ ದೊಡ್ಡ ಹೋಟೆಲಿನ ಗೋಡೆಗೆ ಕುದುರೆ ಬರೆಯುತ್ತಿದ್ದ. ದೂರದ ಬೆಟ್ಟ ನುಣ್ಣಗೆ ಎಂಬುದು ನನಗೂ ಗೊತ್ತು. ಆ ಬೆಟ್ಟದ ಮೇಲೆ ನಾಲ್ಕು ವರ್ಷ ಇದ್ದು ಬಂದವನೇ ನಾನು. ಆದರೂ ಆ ಪತ್ರ ಬಂದ ದಿನ ಹೊಟ್ಟೆಕಿಚ್ಚಿನಿಂದ ಊಟ ಸೇರುತ್ತಿರಲಿಲ್ಲ. ಹೇಗಾದರೂ ಮಾಡಿ ಉಮದಿಯಿಂದ ಪಾರಾಗಿ ಆ ಪತ್ರದ ಮೇಲ್ಭಾಗದಲ್ಲಿ ನನ್ನ ಹೆಸರು ಬರಬೇಕು, ಬೇರೆ ಆಸೆಯೇ ನನಗಿರಲಿಲ್ಲ.

ಎರಡನೆಯ ವರ್ಷ ನನ್ನ ಅಮ್ಮ ಅಂಚೆಯಲ್ಲಿ ಒಂದು ಗಂಟು ಕಳಿಸಿದಳು. ತನ್ನ ಹಳೆಯ ಹಸಿರು ಸೀರೆಯ ತುಂಡಿನಲ್ಲಿ ಸುತ್ತಿದ ಒಣ ಬಂಗಡೆ ಮೀನು. ಅಂಚೆಯವನು ಗಂಟು ಹಿಡಿದು ನಮ್ಮ ಓಣಿಗೆ ತಿರುಗುವ ಮೊದಲೇ ಈರವ್ವನಿಗೆ ಗೊತ್ತಾಯಿತು. ಸೆರಗು ಮೂಗಿಗೆ ಒತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತಳು. "ಊರ ಹೊರಗ ಒಯ್ರಿ ಮಾಸ್ತರ. ಮೊದಲ ಒಯ್ರಿ." ಆಕೆಯ ಗಂಡ ಪೇಟೆಯಲ್ಲಿ ಕಾಳಿನ ವ್ಯಾಪಾರಿ, ಮಾತು ಕಡಿಮೆ. ಅವನೂ ಒಳಗಿನಿಂದ "ಶಿವ ಶಿವ" ಎಂದ. ಊರ ಹೊರಗಿನ ಕುರಿದೊಡ್ಡಿಯ ಬಳಿ ಬೆಂಕಿ ಮಾಡಿ ಸುಟ್ಟು ತಿಂದೆ. ಕುರಿ ಕಾಯುವ ಮುದುಕನಿಗೆ ಒಂದು ಕೊಟ್ಟೆ. ಕಚ್ಚಿದವನು ಆ ಕಡೆ ತಿರುಗಿ ಉಗಿದ. ಅವನ ನಾಯಿಗೆ ಹಾಕಿದೆ. ನಾಯಿ ಮೂಸಿ, ನನ್ನ ಮುಖ ನೋಡಿ, ಎದ್ದು ಹೋಯಿತು. ಒಬ್ಬಂಟಿತನ ಎಂದರೇನು ಎಂದು ಅವತ್ತು ತಿಳಿಯಿತು. ಸೀರೆಯ ತುಂಡನ್ನು ಹಿತ್ತಲಿನ ಬೇವಿನ ಟೊಂಗೆಗೆ ಎಸೆದು ಮರೆತುಬಿಟ್ಟೆ.

ಚಳಿಗಾಲ ಬಂತು. ಇಲ್ಲಿಯ ಚಳಿ ನಮ್ಮವರಿಗೆ ಗೊತ್ತಿಲ್ಲ, ಎಲುಬಿನವರೆಗೆ ಇಳಿಯುತ್ತದೆ. ಈರವ್ವ ತನ್ನ ಮನೆಯ ಕೌದಿಯೊಂದನ್ನು ತಂದುಕೊಟ್ಟಳು. ಕೌದಿ ಎಂದರೆ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ ಒತ್ತೊತ್ತಾಗಿ ಹೊಲಿದ ಹೊದಿಕೆ. ಯಾರು ಯಾರೋ ಉಟ್ಟು ಬೆವರಿದ ಬಟ್ಟೆಯಲ್ಲವೇ ಎಂದುಕೊಂಡು, ಕಂಬಳಿ ಇದೆ ಎಂದೆ. ಆಕೆಗೆ ತಿಳಿಯಿತೆಂದು ಕಾಣುತ್ತದೆ. "ಬ್ಯಾರೆಯವ್ರ ಅರಿವಿ ನಿಮಗ ಬ್ಯಾಡ ಅನಸ್ತದ. ಇರ್ಲಿ, ನಿಮ್ಮದ ಒಂದ ಹೊಲಿತೀನಿ" ಎಂದಳು. ಅರಿವಿ ಎಂದರೆ ಬಟ್ಟೆ. ನನ್ನ ಎರಡು ಹರಕು ಅಂಗಿ ಕೇಳಿ ಒಯ್ದಳು.

ಒಂದು ತಿಂಗಳು ಮಧ್ಯಾಹ್ನದ ಹೊತ್ತು ಓಣಿಯ ಹೆಂಗಸರು ಪಡಸಾಲೆಯಲ್ಲಿ ಸುತ್ತ ಕುಳಿತು ಹೊಲಿದರು. ಅಂಚಿನಿಂದ ನಡುವಿಗೆ ಸಾಲು ಸಾಲು ಹೊಲಿಗೆ. ನನಗೆ ಕಣ್ಣಿದೆ ಎಂದಿದ್ದರಲ್ಲ, ಆ ಕಣ್ಣು ಬೇಡವೆಂದರೂ ನೋಡಿತು. ಕೆಂಪಿನ ಪಕ್ಕಕ್ಕೆ ಆಕೆ ಇಟ್ಟ ಬೂದು, ಕಪ್ಪಿನ ಪಕ್ಕಕ್ಕೆ ಇಟ್ಟ ಮಾಸಿದ ಹಳದಿ ನಮ್ಮ ಪ್ರೊಫೆಸರರಿಗೂ ಹೊಳೆಯುತ್ತಿರಲಿಲ್ಲ. ಕೊನೆಯ ಮೂಲೆಯಲ್ಲಿ ಪರಿಚಿತವಾದ ಹಸಿರು ಕಂಡು ಬೆಚ್ಚಿದೆ.

"ಇದು..."

"ನಿಮ್ಮವ್ವಂದು. ಬೇವಿನ ಗಿಡಕ್ಕ ಬೀಸಿ ಒಗದಿದ್ರಿ. ಹಡದಾಕಿ ಅರಿವಿ ಹಂಗ ಒಗೀತಾರೇನ್ರಿ?"

ಆ ಮೂಲೆಯನ್ನು ಮುಚ್ಚುವ ಮೊದಲು ಬುಟ್ಟಿಯಿಂದ ರೊಟ್ಟಿ ತೆಗೆದು ನನ್ನ ಕೈಗೆ ಕೊಟ್ಟಳು. "ಒಂದ ಚೂರ ಮುರದು ಇದರಾಗ ಇಡ್ರಿ. ಕೌದಿ ಹೊಟ್ಟಿ ಖಾಲಿ ಇರಬಾರದು. ಅದರ ಹೊಟ್ಟಿ ತುಂಬಿದ್ರ ಹೊಚ್ಚಗೊಂಡಾಂವ ಹಸದು ಮಲಗಂಗಿಲ್ಲ." ಹೆಂಗಸರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ಇರುವೆ, ಜಿರಳೆ, ಬೂಷ್ಟು ಎಂದೆಲ್ಲ ಮನಸ್ಸಿಗೆ ಬಂತು. ಆದರೂ ಚೂರು ಮುರಿದು ಅಮ್ಮನ ಸೀರೆಯ ಕೆಳಗಿಟ್ಟೆ. ಈರವ್ವ ಹೊಲಿದು ಮುಚ್ಚಿದಳು.

ಆ ತಿಂಗಳೇ ನನಗೆ ಜ್ವರ ಬಂತು. ನಾಲ್ಕು ದಿನ ಆ ಕೌದಿಯೊಳಗೆ ಮಲಗಿದ್ದೆ. ಉಮದಿಗೆ ಬಂದ ಮೇಲೆ ಹಾಗೆ ನಿದ್ದೆ ಬಂದದ್ದು ಅದೇ ಮೊದಲು. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ನಾನು ಮಾಡಿದ್ದು ತಿಳಿಯದೆ ಮಾಡಿದ್ದಲ್ಲ.

ಜ್ವರ ಬಿಟ್ಟ ವಾರ ವಿಭಾಗದ ಪತ್ರ ಬಂತು. ಅವಕಾಶಗಳ ಕೆಳಗೆ ಹೀಗಿತ್ತು: ವಿಭಾಗದಲ್ಲಿ ಜನಪದ ಕಲೆಯ ಸಂಗ್ರಹಾಲಯ ತೆರೆಯುತ್ತಿದ್ದೇವೆ, ಅದಕ್ಕೊಬ್ಬ ಸಹಾಯಕ ಬೇಕು, ಹಳೆಯ ವಿದ್ಯಾರ್ಥಿಗಳು ತಾವಿರುವ ಪ್ರದೇಶದ ಒಂದು ಉತ್ತಮ ವಸ್ತುವನ್ನು ಟಿಪ್ಪಣಿಯೊಡನೆ ಕಳಿಸಿ ಅರ್ಜಿ ಹಾಕಬಹುದು. ಓದಿ ಮುಗಿಸುವ ಮೊದಲೇ ನನ್ನ ಕಣ್ಣು ಹಾಸಿಗೆಯ ಕಡೆ ತಿರುಗಿತ್ತು.

ಬೇರೊಂದು ಕೌದಿ ದುಡ್ಡಿಗೆ ಕೊಡುತ್ತೀರಾ ಎಂದು ಈರವ್ವನನ್ನು ಕೇಳಿ ನೋಡಿದೆ. "ಕೌದಿ ಯಾರರ ಮಾರ್ತಾರೇನ್ರಿ?" ಎಂದು ನಕ್ಕಳು. ರಜೆಗೆ ಊರಿಗೆ ಹೊರಟಾಗ ನನ್ನ ಕೌದಿಯನ್ನು ಮಡಿಚಿ ಹೆಗಲಿಗೇರಿಸಿದೆ. ಅಮ್ಮನಿಗೆ ತೋರಿಸುತ್ತೇನೆ ಎಂದೆ. ಆಕೆಯ ಮುಖ ಅರಳಿತು. "ಭಾಳ ಚಲೋ ಆತು. ನಿಮ್ಮವ್ವಗ ಹೊಚ್ಚಿ ಬರ್ರಿ." ವಿಜಾಪುರದ ಸ್ಟೇಷನ್ನಿನಲ್ಲಿ ಅದನ್ನು ವಿಭಾಗಕ್ಕೆ ಪಾರ್ಸಲ್ ಮಾಡಿದೆ. ಜೊತೆಗೆ ಏಳು ಪುಟದ ಟಿಪ್ಪಣಿ ಬರೆದೆ. ಬಣ್ಣದ ಹೊಂದಾಣಿಕೆ, ರೇಖೆಯ ಲಯ, ಎಲ್ಲ ಬಂತು. ರೊಟ್ಟಿಯ ಮಾತು ಮಾತ್ರ ಬರೆಯಲಿಲ್ಲ. ಅವರು ಹೊಲಸು ಎಂದುಕೊಂಡಾರು ಎಂದು ನಾಚಿಕೆಯಾಯಿತು. ತಿರುಗಿ ಬಂದು, ಅಮ್ಮ ಇಟ್ಟುಕೊಂಡಳು ಎಂದು ಈರವ್ವನಿಗೆ ಹೇಳಿದೆ. ತನ್ನ ಕೌದಿ ಸಮುದ್ರದ ದಂಡೆಯ ಮನೆಯಲ್ಲಿದೆ ಎಂದು ಆಕೆ ಊರೆಲ್ಲ ಹೇಳಿಕೊಂಡು ಬಂದಳು.

ಆರು ತಿಂಗಳ ಮೇಲೆ ದಪ್ಪ ಲಕೋಟೆ ಬಂತು. ಕಟ್ಟೆಯ ಮೇಲೇ ಒಡೆದೆ. ನನ್ನನ್ನು ಆರಿಸಿದ ಪತ್ರ, ಎಂದಿನ ಎರಡು ತಿಂಗಳ ಸುದ್ದಿಪತ್ರ, ಮತ್ತು ಪ್ರದರ್ಶನದ್ದೊಂದು ಅಚ್ಚು ಹಾಕಿದ ಹಾಳೆ. ಸುದ್ದಿಯ ಮೊದಲ ಸಾಲಿನಲ್ಲೇ ನನ್ನ ಹೆಸರಿತ್ತು. ಅದನ್ನು ಮೂರು ಸಲ ಓದುವಷ್ಟರಲ್ಲಿ ಜೋಳ ಹಸನು ಮಾಡುತ್ತಿದ್ದ ಈರವ್ವ ಆ ಹಾಳೆಯನ್ನು ಕೈಗೆತ್ತಿಕೊಂಡಿದ್ದಳು. ಆಕೆಗೆ ಅಕ್ಷರ ಬರುವುದಿಲ್ಲ. ಹಾಳೆಯ ಮೇಲೆ ಕಪ್ಪು ಬಿಳುಪಿನ ಫೋಟೋ ಇತ್ತು.

"ಇದು ನನ್ನ ಕೌದಿ ಅಲ್ರಿ ಮಾಸ್ತರ?"

ನಾನು ಹೌದು ಎಂದೆ.

"ನಿಮ್ಮವ್ವನ ಕಡೆ ಐತಿ ಅಂದಿದ್ರಿ." ಉತ್ತರಕ್ಕೆ ಕಾಯದೆ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದಳು. ಬೆರಳಿನಿಂದ ಹೊಲಿಗೆಯ ಸಾಲು ಹಿಡಿದು ಹೋಗಿ ಒಂದು ಕಡೆ ನಿಂತಳು. "ಈ ಮೂಲಿ ನಂದಲ್ಲ. ಇಲ್ಲಿ ನಿಮ್ಮವ್ವನ ಸೀರಿ ಇತ್ತು. ಏನ ಬರದಾರ ನೋಡ್ರಿ."

ಸುದ್ದಿಯ ಎರಡನೆಯ ಸಾಲನ್ನು ನಾನು ಆಗಷ್ಟೇ ನೋಡಿದೆ. ವಸ್ತುವಿನ ಒಂದು ಮೂಲೆಯಲ್ಲಿ ಹುಳ ಹಿಡಿದ ಕೊಳೆತ ಆಹಾರ ಸಿಕ್ಕಿತೆಂದೂ, ನೈರ್ಮಲ್ಯದ ದೃಷ್ಟಿಯಿಂದ ಆ ಭಾಗವನ್ನು ಕತ್ತರಿಸಿ ತೆಗೆದು ಹೊಸ ಬಟ್ಟೆ ಜೋಡಿಸಲಾಗಿದೆಯೆಂದೂ, ಹೊಲಿದವರ ಹೆಸರು ತಿಳಿದಿಲ್ಲವೆಂದೂ ಬರೆದಿತ್ತು. ಏಳು ಪುಟದಲ್ಲಿ ನಾನು ಈರವ್ವನ ಹೆಸರನ್ನೂ ಬರೆದಿರಲಿಲ್ಲ. ಅದು ನನಗೆ ಹೊಳೆದದ್ದೇ ಆ ಗಳಿಗೆಯಲ್ಲಿ. ಸುಳ್ಳು ಹೇಳಬಹುದಿತ್ತು. ಹೇಳಿ ಹೇಳಿ ಸಾಕಾಗಿತ್ತು, ಇದ್ದದ್ದನ್ನು ಓದಿ ಹೇಳಿದೆ.

"ರೊಟ್ಟಿ ಕಂಡು ಹೇಸಿದ್ರಂತೇನು?"

"ಹೌದು."

ಆಕೆ ಹಾಳೆಯನ್ನು ಮಡಿಚಿ ನನ್ನ ಪಕ್ಕದಲ್ಲಿಟ್ಟಳು. ದನಿ ಏರಿಸಲಿಲ್ಲ. "ಹೇಸಗಿ ನನಗೂ ಬಂದಿತ್ರಿ ಮಾಸ್ತರ. ನಿಮ್ಮವ್ವನ ಅರಿವಿ ಎರಡ ಬೆರಳಿನಾಗ ಹಿಡದ ಹಳ್ಳಕ್ಕ ಒಯ್ದ್ನಿ. ನೀರಾಗ ಮೂರು ಸಲ ಹಿಂಡಿ ಒಗದ್ನಿ. ಮನ್ಯಾಗ ಯಾರಿಗೂ ಹೇಳಲಿಲ್ಲ. ಒಗದು ನಮ್ಮ ಅರಿವಿ ಸಂಗಾಟ ಕೂಡಿಸಿ ಹೊಲದ್ನಿ." ಮೊರ ಎತ್ತಿಕೊಂಡು ಒಳಗೆ ಹೋದಳು.

ಎರಡೂವರೆ ವರ್ಷ ನಾನು ಉಮದಿಯ ನೀರಿಗೆ, ರೊಟ್ಟಿಗೆ, ಧೂಳಿಗೆ ಹೇಸಿದ್ದೆ. ಅವತ್ತು ಹೇಸಿದ್ದು ನನಗೇ. ಅಂಥ ಹೇಸಿಗೆಗೆ ಮೂಗು ಮುಚ್ಚಿಕೊಂಡರೆ ಉಪಯೋಗವಿಲ್ಲ.

ಕೌದಿ ತಿರುಗಿ ಕಳಿಸಿ ಎಂದು ವಿಭಾಗಕ್ಕೆ ಬರೆದೆ. ಅದು ಈಗ ಸಂಗ್ರಹಾಲಯದ ಸ್ವತ್ತು ಎಂದು ಉತ್ತರ ಬಂತು. ಕತ್ತರಿಸಿದ ತುಂಡನ್ನಾದರೂ ಕಳಿಸಿ ಎಂದೆ. ಕಸದೊಡನೆ ಹೋಯಿತು, ಇಂಥ ಭಾವುಕತೆ ಕಲಾವಿದನಿಗೆ ಸಲ್ಲದು, ಬೇಗ ಬಂದು ಕೆಲಸಕ್ಕೆ ಸೇರು ಎಂದು ಪ್ರೊಫೆಸರರೇ ಬರೆದರು. ನಾನು ಹೋಗಲಿಲ್ಲ. ಇದನ್ನು ತ್ಯಾಗವೆಂದು ಯಾರೂ ಹೊಗಳಬೇಡಿ. ಹೋದರೆ ದಿನವೂ ಆ ಮೂಲೆಯ ಮುಂದೆ ಕುಳಿತು ಕೆಲಸ ಮಾಡಬೇಕು, ಅಷ್ಟು ಗಟ್ಟಿ ಮುಖ ನನ್ನದಲ್ಲ. ಆ ಕೆಲಸ ಇಟಲಿಯಿಂದ ಬಂದವನಿಗೆ ಸಿಕ್ಕಿತು. ಪತ್ರ ಈಗಲೂ ಬರುತ್ತದೆ. ಒಲೆ ಹೊತ್ತಿಸಲು ಈರವ್ವನಿಗೆ ಕೊಡುತ್ತೇನೆ.

ನಡುವೆ ರಾಜ್ಯಗಳ ಗಡಿ ಬದಲಾಯಿತು. ಕಾರವಾರವೂ ವಿಜಾಪುರವೂ ಮೈಸೂರು ರಾಜ್ಯಕ್ಕೆ ಸೇರಿದವು, ಉಮದಿ ಮುಂಬಯಿ ರಾಜ್ಯದಲ್ಲೇ ಉಳಿಯಿತು. ನಿನ್ನ ಕಡೆಗೆ ವರ್ಗ ಮಾಡಿಸಿಕೊ ಎಂದು ಹೆಡ್‌ಮಾಸ್ತರರು ಹೇಳಿದರು. ನಾನು ಮಾಡಿಸಿಕೊಳ್ಳಲಿಲ್ಲ. ರಜೆಗೆ ಊರಿಗೆ ಹೋದಾಗ ನಮ್ಮವರು ನನ್ನ 'ಬರ್ರಿ, ಕುಂದ್ರಿ' ಕೇಳಿ ನಕ್ಕರು. ಇಲ್ಲಿ ನಾನು ಇನ್ನೂ ಮೀನಿನ ಮಾಸ್ತರನೇ. ನೀರು ಈಗಲೂ ಉಪ್ಪಾಗಿದೆ, ಈಗಲೂ ಮುಖ ಸಿಂಡರಿಸಿಯೇ ಕುಡಿಯುತ್ತೇನೆ.

ಆ ಫೋಟೋ ನೋಡಿದ ದಿನದಿಂದ ಈರವ್ವ ಬಾಡಿಗೆಯವನೊಡನೆ ಆಡುವಷ್ಟೇ ಮಾತಾಡುತ್ತಿದ್ದಳು. ಎರಡು ಚಳಿಗಾಲ ನಾನು ಕಂಬಳಿಯಲ್ಲೇ ನಡುಗಿದೆ. ಮೂರನೆಯದು ಬರುವ ಹೊತ್ತಿಗೆ ಅಮ್ಮನಿಗೆ ನಡೆದದ್ದನ್ನೆಲ್ಲ ಬರೆದೆ. ಅಮ್ಮ ಉತ್ತರ ಬರೆಯಲಿಲ್ಲ, ಗಂಟು ಕಳಿಸಿದಳು. ಈ ಸಲ ತುಂಡಲ್ಲ, ಇಡೀ ಸೀರೆ. ಒಳಗೆ ಎಂದಿನಂತೆ ಬಂಗಡೆ. ಬಂಗಡೆ ಇಲ್ಲದೆ ಗಂಟು ಕಟ್ಟುವುದು ಅವಳಿಗೆ ಗೊತ್ತಿಲ್ಲ.

ಅಂಚೆಯವನು ಅದನ್ನು ಕಟ್ಟೆಯ ಮೇಲಿಟ್ಟು ಹೋದ. ಈರವ್ವ ಹೊರಗೆ ಬಂದಳು. ಮೊದಲ ದಿನ ಟ್ರಂಕಿಗೆ ಬಗ್ಗಿದಂತೆಯೇ ಬಗ್ಗಿ ಮೂಸಿದಳು. ಮುಖ ಕಿವುಚಿತು, ಸೆರಗು ಮೂಗಿಗೆ ಹೋಯಿತು. ತಿರುಗಿ ಒಳಗೆ ಹೋದಳು. ಆಮೇಲೆ ಹೊಸ್ತಿಲ ಒಳಗಿನಿಂದ ಒಂದು ಕೈ ಚಾಚಿದಳು.

"ಮೀನ ಹೊರಗ ಇಡ್ರಿ. ಅರಿವಿ ಒಳಗ ಕೊಡ್ರಿ."

ಗಂಟು ಬಿಚ್ಚಿ ಸೀರೆ ಕೊಟ್ಟೆ. ಆಕೆ ಅದನ್ನು ಮೈಯಿಂದ ದೂರ ಹಿಡಿದು ಒಳಗೆ ನಡೆದಳು. ಎರಡೂ ಕೈಯಲ್ಲಿ ಬಂಗಡೆ ಹಿಡಿದುಕೊಂಡು ನಾನು ಹೊಸ್ತಿಲ ಹೊರಗೆ ನಿಂತಿದ್ದೆ.